ವಿಎಫ್‌ಎಕ್ಸ್ ಸ್ಟುಡಿಯೊದಲ್ಲಿ ರಾತ್ರಿ ಒಂದಕ್ಕೂ ಲೈಟು ಯಾಕೆ ಉರೀತಿರತ್ತೆ

ಪಿಯುಸಿ ರಿಸಲ್ಟ್ ಬಂತು ಅಂದ್ರೆ ಶಿರಸಿ, ಕುಮಟಾ, ಕಾರವಾರ ಕಡೆಯಿಂದ ಫೋನು ಶುರುವಾಗತ್ತೆ, "ತಮಾ, ನಮ್ಮನೆ ಮಾಣಿ ಡ್ರಾಯಿಂಗ್ ಚೊಲೋ ಮಾಡ್ತಾ, ವಿಎಫ್‌ಎಕ್ಸ್ ಕೋರ್ಸಿಗೆ ಹಾಕಲಕ್ಕಾ?" ಅಂತ. ಸಿನಿಮಾಕ್ಕೆ ಶೂಟ್ ಮಾಡಿದ ಚಿತ್ರದಲ್ಲಿ ಇಲ್ಲದ್ದನ್ನ ಕಂಪ್ಯೂಟರಲ್ಲಿ ಸೇರಿಸೋ, ಬೇಡದ್ದನ್ನ ಅಳಿಸೋ ಕೆಲಸ ಅದು. ಈ ಲೈನಲ್ಲಿ ಬೆಂಗಳೂರಲ್ಲಿ ಕೆಲಸ ಮಾಡಿರೋ ನಮ್ಮ ಜಿಲ್ಲೆಯವರು ಸುಮಾರು ಜನ ಇದೀವಿ, ಎಲ್ರಿಗೂ ಇದೇ ಪ್ರಶ್ನೆ ಬರತ್ತೆ. ಹಾಕ್ಬೇಡಿ ಅಂತ ನಾನು ಯಾರಿಗೂ ಹೇಳಲ್ಲ, ಕೆಲಸ ನಿಜವಾಗ್ಲೂ ಚೆನ್ನಾಗಿದೆ, ನಾವು ಮಾಡಿದ ಶಾಟು ಥಿಯೇಟರಲ್ಲಿ ನೋಡೋವಾಗ ಆಗೋ ಖುಷಿ ಬೇರೆ ಕೆಲಸದಲ್ಲಿ ನನಗೆ ಸಿಕ್ಕಿಲ್ಲ. ಆದ್ರೆ ಆಸ್ಕರ್ ಗೆದ್ದ ಸ್ಟುಡಿಯೊ ಯಾಕೆ ದಿವಾಳಿ ಆಗತ್ತೆ, ಸಾವಿರಾರು ಜನ ಇರೋ ಕಂಪನಿ ಒಂದು ವಾರದಲ್ಲಿ ಯಾಕೆ ಬಾಗಿಲು ಹಾಕತ್ತೆ, ಮಗ ಭಾನುವಾರನೂ ಯಾಕೆ ಫೋನ್ ಎತ್ತಲ್ಲ, ಇದನ್ನೆಲ್ಲ ಒಂದ್ಸಲ ಬಿಡಿಸಿ ಹೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ಯಾರೋ ಒಬ್ಬ ಕೆಟ್ಟ ಮ್ಯಾನೇಜರ್‌ನಿಂದ ಆಗೋದಲ್ಲ ಇದು. ಈ ಉದ್ಯಮದಲ್ಲಿ ಕೆಲಸಕ್ಕೆ ರೇಟು ಕಟ್ಟೋ ರೀತಿನೇ ಹಾಗಿದೆ, ರಾತ್ರಿ ಪಾಳಿ, ಒಟಿ (ಹೆಚ್ಚುವರಿ ಗಂಟೆಯ ದುಡ್ಡು) ಇಲ್ಲದ ಶನಿವಾರ, ಮೂರು ತಿಂಗಳ ಕಾಂಟ್ರಾಕ್ಟು ಎಲ್ಲ ಅಲ್ಲಿಂದನೇ ಬರೋದು.

ಮೊದಲು ಒಂದು ಶಾಟ್ ಹೇಗೆ ಆಗತ್ತೆ ನೋಡೋಣ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರೋ ಜಾಗದಲ್ಲಿ ಹೀರೋ ದೋಣಿ ಮೇಲೆ ನಿಂತಿದಾನೆ, ಹಿಂದೆ ಸದಾಶಿವಗಡ ಗುಡ್ಡ, ಕತೆ ನಡೆಯೋದು ಮುನ್ನೂರು ವರ್ಷ ಹಿಂದೆ ಅಂತ ಇಟ್ಕೊಳ್ಳಿ. ಹಳೇ ಸೇತುವೆ 2024ರ ಆಗಸ್ಟಲ್ಲಿ ಕುಸಿದುಬಿತ್ತು, ಆದ್ರೂ ಹೆದ್ದಾರಿಯ ಇನ್ನೊಂದು ಸೇತುವೆ ಫ್ರೇಮಲ್ಲಿ ಅಡ್ಡ ಇದೆ, ಅದರ ಮೇಲೆ ಲಾರಿ ಓಡ್ತಿದೆ, ಗುಡ್ಡದ ಮೇಲೆ ಮೊಬೈಲ್ ಟವರ್, ದಡದಲ್ಲಿ ಫೈಬರ್ ದೋಣಿಗಳು. ಡೈರೆಕ್ಟರ್‌ಗೆ ಇದೆಲ್ಲ ಹೋಗ್ಬೇಕು, ಅಲ್ಲಿ ಕೋಟೆ ಬುರುಜು ಕಾಣ್ಬೇಕು, ನದಿ ಬಾಯಲ್ಲಿ ಎರಡು ಹಡಗು ಬರ್ಬೇಕು. ಶಾಟು ತೆರೆ ಮೇಲೆ ಇರೋದು ಐದು ಸೆಕೆಂಡು. ಸಿನಿಮಾ ಸೆಕೆಂಡಿಗೆ 24 ಫ್ರೇಮು, ಅಂದ್ರೆ 120 ಚಿತ್ರ.

ಆ 120ರಲ್ಲೂ ಹೀರೋನ ಆಕಾರವನ್ನ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸ್ಬೇಕು, ಅದು ರೋಟೊ. ಸಮುದ್ರದ ಗಾಳಿಗೆ ಕೂದಲು ಹಾರ್ತಿದ್ರೆ ರೋಟೊ ಮಾಡೋರ ಕತೆ ಮುಗೀತು, ಒಂದೊಂದು ಎಳೆ ನೋಡ್ಬೇಕು. ಸೇತುವೆ, ಟವರು ಅಳಿಸಿ ಅದರ ಹಿಂದೆ ಏನಿರ್ಬೇಕಿತ್ತೋ ಅದನ್ನ ತುಂಬ್ಬೇಕು, ಅದು ಪೇಂಟ್, ಕೆಲವು ಕಡೆ ಪ್ರೆಪ್ ಅಂತಾರೆ. ಕ್ಯಾಮೆರಾ ದೋಣಿ ಮೇಲೆ ಅಲ್ಲಾಡಿದ ಹಾಗೇ ಕಂಪ್ಯೂಟರ್ ಒಳಗಿನ ಕ್ಯಾಮೆರಾನೂ ಅಲ್ಲಾಡ್ಬೇಕು, ಇಲ್ಲಾಂದ್ರೆ ಹಡಗು ನೀರ ಮೇಲೆ ಜಾರಿದ ಹಾಗೆ ಕಾಣತ್ತೆ, ಇದು ಮ್ಯಾಚ್‌ಮೂವ್. ನೀರಲ್ಲಿ ಒಂದೇ ಕಡೆ ನಿಲ್ಲೋ ಗುರುತು ಏನೂ ಇರಲ್ಲ, ಹಾಗಾಗಿ ಇಂಥ ಶಾಟಲ್ಲಿ ಅದೂ ಕಷ್ಟನೇ. ಆಮೇಲೆ ಹಡಗಿನ ಮಾಡೆಲ್, ಅದಕ್ಕೆ ಮರದ ಟೆಕ್ಸ್ಚರ್, ಹಾಯಿ ಉಬ್ಬೋದು, ಮುಂದೆ ನೀರು ಸೀಳೋ ನೊರೆ, ಸಂಜೆ ಬಿಸಿಲಿನ ಲೈಟಿಂಗ್, ಇದನ್ನೆಲ್ಲ ಕಂಪ್ಯೂಟರ್ ಲೆಕ್ಕ ಹಾಕಿ ಫ್ರೇಮ್ ಫ್ರೇಮಾಗಿ ಚಿತ್ರ ಮಾಡಿ ಕೊಡೋದು ರೆಂಡರ್. ಕೊನೆಗೆ ಇಷ್ಟನ್ನೂ ಒಟ್ಟು ಸೇರಿಸಿ ಕ್ಯಾಮೆರಾದಲ್ಲೇ ತೆಗೆದ ಹಾಗೆ ಕಾಣಿಸೋದು ಕಾಂಪೋಸಿಟಿಂಗ್. ಇಷ್ಟೂ ಮಾಡಿದ ಮೇಲೆ ನೋಡೋರಿಗೆ ಇಲ್ಲಿ ಏನೋ ಮಾಡಿದಾರೆ ಅಂತ ಗೊತ್ತಾಗ್ಬಾರ್ದು, ಗೊತ್ತಾದ್ರೆ ಕೆಲಸ ಕೆಟ್ಟಿದೆ ಅಂತ ಅರ್ಥ.

ಈಗ ದುಡ್ಡಿನ ವಿಷಯ. ಸ್ಟುಡಿಯೊ ಈ ಶಾಟ್ ನೋಡಿ ಎಷ್ಟು ಮ್ಯಾನ್ ಡೇ ಬೇಕು ಅಂತ ಅಂದಾಜು ಹಾಕತ್ತೆ, ಮ್ಯಾನ್ ಡೇ ಅಂದ್ರೆ ಒಬ್ಬ ಆರ್ಟಿಸ್ಟಿನ ಒಂದು ದಿನದ ಕೆಲಸ, ಎಂಟು ಗಂಟೆ. ಲೆಕ್ಕಕ್ಕೆ ಹೇಳ್ತೀನಿ, ರೋಟೊ 4, ಪೇಂಟ್ 6, ಮ್ಯಾಚ್‌ಮೂವ್ 2, ಹಡಗು ಕೋಟೆ ಎಲ್ಲ ಸೇರಿ 10, ನೀರು 3, ಕಾಂಪೋಸಿಟಿಂಗ್ (ಕಾಂಪ್) 5, ಒಟ್ಟು 30 ಮ್ಯಾನ್ ಡೇ. ಸಿನಿಮಾದ ಎಲ್ಲ ಶಾಟಿಗೂ ಹೀಗೆ ಲೆಕ್ಕ ಹಾಕಿ, ಇಡೀ ಕೆಲಸಕ್ಕೆ ಇಷ್ಟು ಅಂತ ಒಂದು ಮೊತ್ತ ಹೇಳಿ ಬಿಡ್ ಮಾಡ್ತಾರೆ. ನಾಕು ಸ್ಟುಡಿಯೊ ಬಿಡ್ ಮಾಡಿರತ್ತೆ, ಸಾಮಾನ್ಯವಾಗಿ ಕಡಿಮೆ ಹೇಳಿದವರಿಗೆ ಕೆಲಸ. ಇದಕ್ಕೆ ಫಿಕ್ಸ್‌ಡ್ ಬಿಡ್ ಅಂತಾರೆ. ಮೊತ್ತ ಫಿಕ್ಸು, ರಿಲೀಸ್ ಡೇಟ್ ಫಿಕ್ಸು. ಫಿಕ್ಸ್ ಇಲ್ಲದ್ದು ಒಂದೇ, ಡೈರೆಕ್ಟರ್‌ಗೆ ಏನು ಬೇಕು ಅನ್ನೋದು.

ನಮ್ಮ ಕಡೆ ಮದುವೆ ಅಡುಗೆ ಗುತ್ತಿಗೆ ಗೊತ್ತಲ್ಲ, ಇಷ್ಟು ಎಲೆಗೆ ಇಷ್ಟು ಅಂತ ಮಾತಾಗಿರತ್ತೆ, ಮುಹೂರ್ತ ಅಲ್ಲಾಡಲ್ಲ. ಈಗ ಯಜಮಾನರು ಹಿಂದಿನ ದಿನ ಸಂಜೆ ಅಡುಗೆ ಶಾಲೆಗೆ ಬಂದು ಹೋಳಿಗೆ ರುಚಿ ನೋಡಿ "ಇದು ಬೇಡ, ಬೇರೆ ಮಾಡಿ" ಅಂತಾರೆ, ರಾತ್ರಿ ಹತ್ತಕ್ಕೆ ಅವರ ಭಾವ ಬಂದು "ಹೋಳಿಗೆನೇ ಬೇಡ, ಕೇಸರಿಬಾತ್ ಆಗ್ಲಿ" ಅಂತಾರೆ, ಬೆಳಗಿನ ಜಾವ ಮತ್ತೆ ಯಜಮಾನರೇ ಬಂದು "ಮೊದಲನೇ ಹೋಳಿಗೆನೇ ಅಡ್ಡಿಲ್ಲೆ ಆಗಿತ್ತು" ಅಂತಾರೆ, ಆದ್ರೆ ಎಲೆ ರೇಟು ಅದೇ. ಹೀಗೆ ಯಾರಾದ್ರೂ ಮಾಡಿದ್ರೆ ಅಡುಗೆ ಭಟ್ರು ಸಟ್ಟುಗ ಕೆಳಗಿಟ್ಟು ಹೋಗ್ತಾರೆ. ವಿಎಫ್‌ಎಕ್ಸಲ್ಲಿ ಇದು ದಿನದ ಕೆಲಸ, ಯಾರೂ ಎದ್ದು ಹೋಗಲ್ಲ.

ಯಾಕೆ ಹೋಗಲ್ಲ ಅಂದ್ರೆ ದೊಡ್ಡ ಕೆಲಸ ಕೊಡೋ ಗಿರಾಕಿಗಳು ಇಡೀ ಜಗತ್ತಲ್ಲಿ ಬೆರಳೆಣಿಕೆ ಅಷ್ಟೇ. ಡಿಸ್ನಿ, ವಾರ್ನರ್, ಯೂನಿವರ್ಸಲ್, ಸೋನಿ, ಪ್ಯಾರಮೌಂಟ್, ನೆಟ್‌ಫ್ಲಿಕ್ಸ್, ಅಮೆಜಾನ್. ಇದ್ರಲ್ಲಿ ಒಬ್ಬರ ಹತ್ರ "ಇದು ನಾಲ್ಕನೇ ಬದಲಾವಣೆ, ಎಕ್ಸ್ಟ್ರಾ ದುಡ್ಡು ಕೊಡಿ" ಅಂತ ಜಗಳ ಆಡಿದ್ರೆ ಮುಂದಿನ ಸಿನಿಮಾ ಬೇರೆ ಸ್ಟುಡಿಯೊಗೆ ಹೋಗತ್ತೆ. ಬದಲಾವಣೆಗೆ ದುಡ್ಡು ಕೇಳೋದಕ್ಕೆ ಎಷ್ಟೋ ಅಗ್ರಿಮೆಂಟಲ್ಲಿ ದಾರಿ ಇರತ್ತೆ, ಇದ್ರೂ ಕೇಳೋ ಧೈರ್ಯ ಇರಲ್ಲ. ಹಾಗಾಗಿ ಡೈರೆಕ್ಟರ್ ಎರಡು ಹಡಗು ಬದಲು ಮೂರು ಅಂದ್ರೆ ಮೂರು, ಎಡಿಟರ್ ಐದು ಸೆಕೆಂಡನ್ನ ಎಂಟು ಸೆಕೆಂಡ್ ಮಾಡಿದ್ರೆ 72 ಫ್ರೇಮ್ ಹೊಸದಾಗಿ ರೋಟೊ, ಪ್ರೊಡ್ಯೂಸರ್‌ಗೆ ಕೋಟೆ ಇಷ್ಟ ಆಗ್ಲಿಲ್ಲ ಅಂದ್ರೆ ಕೋಟೆ ತೆಗೆದು ತೆಂಗಿನ ತೋಟ. 30 ಮ್ಯಾನ್ ಡೇ ಅಂದುಕೊಂಡಿದ್ದು 50ಕ್ಕೆ ಹೋಯ್ತು.

ಆ ಹೆಚ್ಚುವರಿ 20 ಮ್ಯಾನ್ ಡೇ ಯಾರು ಕೊಡ್ತಾರೆ? 20 ಮ್ಯಾನ್ ಡೇ ಅಂದ್ರೆ 160 ಗಂಟೆ. ಎಂಟು ಜನ ಐದು ದಿನ ದಿನಕ್ಕೆ ನಾಲ್ಕು ಗಂಟೆ ಹೆಚ್ಚು ಕೂತ್ರೆ ಸರಿಯಾಗಿ 160 ಗಂಟೆ ಆಗತ್ತೆ. ಅದಕ್ಕೆ ದುಡ್ಡು ಕೊಡ್ದೇ ಇದ್ರೆ ಪುಸ್ತಕದಲ್ಲಿ ಶಾಟು 30 ಮ್ಯಾನ್ ಡೇಗೇ ಮುಗೀತು ಅಂತ ಇರತ್ತೆ. ಇಡೀ ಲೇಖನದಲ್ಲಿ ಈ ಲೆಕ್ಕ ಒಂದನ್ನ ನೆನಪಿಟ್ಕೊಂಡ್ರೆ ಸಾಕು. ಆರ್ಟಿಸ್ಟು ಬಿಟ್ಟಿ ಕೂತ ಆ ನಾಲ್ಕು ಗಂಟೆಯಲ್ಲೇ ಡೈರೆಕ್ಟರ್ ಮನಸ್ಸು ಬದಲಾಯ್ಸಿದ್ದರ ಬಿಲ್ಲು ತೀರ್ತಿರತ್ತೆ. ಪ್ಯಾಶನ್ ಇರೋರು ಗಂಟೆ ಲೆಕ್ಕ ಹಾಕಲ್ಲ ಅಂತ ಮೀಟಿಂಗಲ್ಲಿ ಹೇಳ್ತಾರಲ್ಲ, ಆ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರತ್ತೆ, ಯಾಕಂದ್ರೆ ಹುಡುಗರಿಗೆ ಪ್ಯಾಶನ್ ನಿಜವಾಗ್ಲೂ ಇರತ್ತೆ, ಅದನ್ನೇ ಹಿಡ್ಕೊಂಡು ಎಳೀತಾರೆ.

ಇನ್ನೂ ಒಂದಿದೆ, ಕೆಲಸ ಒಪ್ಪಿಸೋದು ನೋಟ್ಸ್ ಮೇಲೆ, ಅಂದ್ರೆ ಇದನ್ನ ಹೀಗೆ ತಿದ್ದಿ ಅನ್ನೋ ಸೂಚನೆ ಮೇಲೆ. ಆರ್ಟಿಸ್ಟ್ ಮಾಡಿದ್ದನ್ನ ಮೊದಲು ಲೀಡ್ ನೋಡ್ತಾರೆ, ಆಮೇಲೆ ಸೂಪರ್‌ವೈಸರ್ ಡೈಲೀಸಲ್ಲಿ (ದಿನದ ಕೆಲಸ ನೋಡೋ ಮೀಟಿಂಗಲ್ಲಿ) ನೋಡ್ತಾರೆ, ಆಮೇಲೆ ಕ್ಲೈಂಟ್ ಕಡೆ ಸೂಪರ್‌ವೈಸರ್, ಕೊನೆಗೆ ಡೈರೆಕ್ಟರ್. ಪ್ರತಿ ಮೆಟ್ಟಿಲಲ್ಲೂ ನೋಟ್ ಬರತ್ತೆ. ಲಾಸ್ ಏಂಜಲೀಸ್ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿಯವರು ಬೆಳಿಗ್ಗೆ ಒಂಬತ್ತಕ್ಕೆ ಕಾಫಿ ಕುಡೀತಾ ನೋಡೋಕೆ ಕೂರೋ ಹೊತ್ತಿಗೆ ಬೆಂಗಳೂರಲ್ಲಿ ರಾತ್ರಿ ಒಂಬತ್ತೂವರೆ ಹತ್ತೂವರೆ. ನೋಟ್ ಬಂದ್ಮೇಲೆ ಅವರ ಸಂಜೆ ಒಳಗೆ ಹೊಸ ವರ್ಷನ್ ಬೇಕು ಅಂದ್ರೆ ನಮ್ಮ ಇಡೀ ರಾತ್ರಿ ಹೋಯ್ತು. ಒಂದು ವರ್ಷನ್ ಕಳ್ಸೋ ಮುಂಚೆ ರೆಂಡರ್ ಆಗ್ಬೇಕು, ರೆಂಡರಲ್ಲಿ ಒಂದು ಫ್ರೇಮ್ ಕೆಟ್ರೆ ಮತ್ತೆ ಹಾಕ್ಬೇಕು, ಅದನ್ನ ಕಾಯ್ತಾ ಯಾರೋ ಒಬ್ಬರು ಕುರ್ಚಿಯಲ್ಲೇ ನಿದ್ದೆ ಮಾಡ್ತಿರ್ತಾರೆ.

ದೊಡ್ಡ ಸಿನಿಮಾ ಕೆಲಸ ಮಾಡೋ ಸ್ಟುಡಿಯೊಗಳಲ್ಲಿ ಸೆಕ್ಯುರಿಟಿನೂ ಬಿಗಿ. ಶಾಟ್ ಲೀಕ್ ಆಗ್ಬಾರ್ದು ಅಂತ ಹಾಲಿವುಡ್ ಕಡೆಯಿಂದ ಆಡಿಟ್ ಇರತ್ತೆ, ಕೆಲಸದ ಮಷಿನ್‌ಗೆ ಇಂಟರ್ನೆಟ್ ಇಲ್ಲ, ಪೆನ್‌ಡ್ರೈವ್ ಹಾಕೋ ಹಾಗಿಲ್ಲ, ಎಷ್ಟೋ ಕಡೆ ಮೊಬೈಲನ್ನ ಹೊರಗೆ ಲಾಕರಲ್ಲಿ ಇಟ್ಟು ಒಳಗೆ ಹೋಗ್ಬೇಕು. ಅದರ ಕಾರಣ ಅರ್ಥ ಆಗತ್ತೆ, ನನ್ನ ತಕರಾರಿಲ್ಲ. ಆದ್ರೆ ನಮ್ಮಂಥ ಜಿಲ್ಲೆಯಿಂದ ಬಂದವರಿಗೆ ಇದು ಬೇರೆ ಥರ ತಾಗತ್ತೆ. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದಂಥ ದಿನ ಆಯಿ ಹತ್ತು ಸಲ ಫೋನ್ ಮಾಡಿದ್ರೂ ಅದು ಲಾಕರ್ ಒಳಗೆ ಹೊಡ್ಕೋತಾ ಇರತ್ತೆ. ಮಳೆಗಾಲದಲ್ಲಿ ಮನೆಯವರು ತುರ್ತಿಗೆ ಫೋನ್ ಮಾಡೋಕೆ ರಿಸೆಪ್ಶನ್ ನಂಬರ್ ಒಂದು ಬರ್ಕೊಂಡು ಇಟ್ಕೊಳ್ಳಿ ಅಂತ ನಾನು ಎಲ್ಲ ಹೊಸ ಹುಡುಗರಿಗೂ ಹೇಳ್ತೀನಿ.

ಇದೆಲ್ಲ ನಮ್ಮ ದೇಶದಲ್ಲಿ ಮಾತ್ರ ಅಂದ್ಕೋಬೇಡಿ. ರಿದಮ್ ಆಂಡ್ ಹ್ಯೂಸ್ ಅಂತ ಲಾಸ್ ಏಂಜಲೀಸಲ್ಲಿ 1987ರಲ್ಲಿ ಶುರುವಾದ ಸ್ಟುಡಿಯೊ ಇತ್ತು, ಆರ್ಟಿಸ್ಟುಗಳನ್ನ ಚೆನ್ನಾಗಿ ನೋಡ್ಕೊಳ್ಳತ್ತೆ ಅಂತ ಹೆಸರಿದ್ದ ಕಂಪನಿ, ಮುಂಬೈ ಹೈದರಾಬಾದಲ್ಲೂ ಅವರ ಬ್ರಾಂಚ್ ಇತ್ತು. ಲೈಫ್ ಆಫ್ ಪೈ ಸಿನಿಮಾದ ಹುಲಿ ಅವರದ್ದೇ ಕೆಲಸ. ಆ ಸಿನಿಮಾ ಜಗತ್ತಿಡೀ 60 ಕೋಟಿ ಡಾಲರಿಗೂ ಜಾಸ್ತಿ ಮಾಡ್ತು. 2013ರ ಫೆಬ್ರವರಿಯಲ್ಲಿ ಸ್ಟುಡಿಯೊ ದಿವಾಳಿ ಅರ್ಜಿ ಹಾಕ್ತು, ಅದೇ ತಿಂಗಳು 24ಕ್ಕೆ ಅದೇ ಹುಲಿಗೆ ಆಸ್ಕರ್ ಬಂತು. ಒಳಗೆ ಪ್ರಶಸ್ತಿ ತಗೊಂಡ ಬಿಲ್ ವೆಸ್ಟೆನ್‌ಹೋಫರ್ ತಮ್ಮ ಸ್ಟುಡಿಯೊದ ಕಷ್ಟ ಹೇಳೋಕೆ ಹೊರಟಾಗ ಟೈಮ್ ಆಯ್ತು ಅಂತ ಮ್ಯೂಸಿಕ್ ಹಾಕಿ ಮೈಕ್ ಕಡಿದ್ರು, ಹೊರಗೆ ರಸ್ತೆಯಲ್ಲಿ ನೂರಾರು ವಿಎಫ್‌ಎಕ್ಸ್ ಕೆಲಸಗಾರರು ಬೋರ್ಡ್ ಹಿಡಿದು ನಿಂತಿದ್ರು. ಅದಕ್ಕೂ ಮೊದಲು 2012ರ ಸೆಪ್ಟೆಂಬರಲ್ಲಿ ಡಿಜಿಟಲ್ ಡೊಮೇನ್ ದಿವಾಳಿಗೆ ಹೋಗಿತ್ತು. ಕೆಲಸ ಕೆಟ್ಟದಾಗಿ ಮಾಡಿ ಮುಳುಗಿದ ಸ್ಟುಡಿಯೊಗಳಲ್ಲ ಇವು.

ಆಮೇಲೆ ಸಬ್ಸಿಡಿ ಆಟ. ಲಂಡನ್, ವ್ಯಾಂಕೂವರ್, ಮಾಂಟ್ರಿಯಲ್ ಇವೆಲ್ಲ ನಮ್ಮಲ್ಲಿ ಕೆಲಸ ಮಾಡಿಸಿದ್ರೆ ಖರ್ಚಲ್ಲಿ ಇಷ್ಟು ಪರ್ಸೆಂಟ್ ಟ್ಯಾಕ್ಸ್ ವಾಪಸ್ ಕೊಡ್ತೀವಿ ಅಂತ ಕರೀತಾವೆ. ಬ್ರಿಟನ್ 2025ರಿಂದ ವಿಎಫ್‌ಎಕ್ಸ್ ಖರ್ಚಿಗೆ ಕೊಡೋ ಟ್ಯಾಕ್ಸ್ ಕ್ರೆಡಿಟ್ಟನ್ನ 39 ಪರ್ಸೆಂಟಿಗೆ ಏರ್ಸಿದೆ. ಭಾರತನೂ 2023ರ ನವೆಂಬರಲ್ಲಿ, ಕಾರವಾರದಿಂದ ಎರಡು ಮೂರು ತಾಸು ದೂರದ ಗೋವಾ ಫಿಲ್ಮ್ ಫೆಸ್ಟಿವಲಲ್ಲೇ, ವಿದೇಶಿ ಸಿನಿಮಾ ಕೆಲಸಕ್ಕೆ 40 ಪರ್ಸೆಂಟ್ ತನಕ ಪ್ರೋತ್ಸಾಹಧನ ಅಂತ ಘೋಷಿಸ್ತು, ಮಿತಿ 30 ಕೋಟಿ ರೂಪಾಯಿ. ಕೇಳೋಕೆ ಚೆನ್ನಾಗಿದೆ, ಆದ್ರೆ ಈ ದುಡ್ಡು ಉಳಿಯೋದು ಸಿನಿಮಾ ಮಾಡಿಸೋ ಕಂಪನಿಗೆ. ಯಾವ ಊರಲ್ಲಿ ಪರ್ಸೆಂಟ್ ಜಾಸ್ತಿನೋ ಅಲ್ಲಿಗೆ ಸ್ಟುಡಿಯೊ ಗುಳೆ ಹೋಗತ್ತೆ, ಹಿಂದೆ ಆರ್ಟಿಸ್ಟ್ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗ್ಬೇಕು. ಸೋನಿ ಇಮೇಜ್‌ವರ್ಕ್ಸ್ 2014ರಲ್ಲಿ ಕ್ಯಾಲಿಫೋರ್ನಿಯಾದಿಂದ ಹೆಡ್ ಆಫೀಸನ್ನೇ ವ್ಯಾಂಕೂವರಿಗೆ ಎತ್ಕೊಂಡು ಹೋಯ್ತು.

ನಮಗೆ ಕೆಲಸ ಬರೋದು ಹೇಗೆ ಅಂದ್ರೆ, ಜನ ಜಾಸ್ತಿ ಬೇಕಾಗೋ ರೋಟೊ, ಪೇಂಟ್, ಮ್ಯಾಚ್‌ಮೂವ್ ಇವು ಸಂಬಳ ಕಡಿಮೆ ಇರೋ ಕಡೆ ಹೋಗ್ತಾವೆ, ಹಾಗಾಗಿ ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈ. ಈಗ ಆನಿಮೇಶನ್, ಲೈಟಿಂಗ್, ಕಾಂಪ್ ಎಲ್ಲ ಇಲ್ಲೂ ಮಾಡ್ತಾರೆ, ಅದು ಖುಷಿ ವಿಷಯ, ಹಾಲಿವುಡ್ಡಿನ ಆಸ್ಕರ್ ಗೆದ್ದ ಜಂಗಲ್ ಬುಕ್‌ನಲ್ಲಿ ಎಂಪಿಸಿ ಅನ್ನೋ ಸ್ಟುಡಿಯೊದ ಬೆಂಗಳೂರು ಟೀಮಿನ ಕೆಲಸ ಇದೆ. ಆದ್ರೆ ಮೇನ್ ಸ್ಟುಡಿಯೊ ತಗೊಂಡ ಕೆಲಸದಲ್ಲಿ ಒಂದು ಭಾಗ ಗುತ್ತಿಗೆಗೆ ಮಾಡಿಕೊಡೋ ಇಲ್ಲಿಯ ವೆಂಡರ್‌ಗೆ, ಆ ವೆಂಡರ್ ಅದ್ರಲ್ಲಿ ಅರ್ಧ ಇನ್ನೊಂದು ಸಣ್ಣ ವೆಂಡರ್‌ಗೆ, ಅವನು ಫ್ರೇಮಿಗೆ ಇಷ್ಟು ಅಂತ ಮನೇಲಿ ಕೂತು ಮಾಡೋ ಹುಡುಗರಿಗೆ, ಹೀಗೆ ಕೆಳಗೆ ಇಳೀತಾ ಹೋದ ಹಾಗೆ ರೇಟೂ ಇಳೀತಾ ಹೋಗತ್ತೆ, ಡೆಡ್‌ಲೈನೂ ಚಿಕ್ಕದಾಗತ್ತೆ. ಮೇಲಿಂದ ಬದಲಾವಣೆ ಬಂದ್ರೆ ಪೆಟ್ಟು ಬೀಳೋದು ಕೆಳಗಿದ್ದವನಿಗೆ. ತೆರೆ ಮೇಲೆ ಹೆಸರು ಬರೋದೂ ಅಪರೂಪ, ವೆಂಡರ್ ಹೆಸರೇ ಬರದ ಎಷ್ಟೋ ಸಿನಿಮಾ ಇದೆ.

ಕನ್ನಡ, ತೆಲುಗು ಸಿನಿಮಾದಲ್ಲಿ ರಾತ್ರಿ ನೋಟ್ಸ್ ತೊಂದರೆ ಕಡಿಮೆ, ಡೈರೆಕ್ಟರ್ ಪಕ್ಕದಲ್ಲೇ ಬಂದು ಕೂರ್ತಾರೆ. ಆದ್ರೆ ಅಲ್ಲಿ ಬೇರೆ ಕಷ್ಟ. ದಸರಾ, ಸಂಕ್ರಾಂತಿ ಅಂತ ರಿಲೀಸ್ ಮೊದಲೇ ಘೋಷಣೆ ಆಗಿರತ್ತೆ, ಶೂಟಿಂಗ್ ಎಳ್ಕೊಂಡು ಹೋಗಿ ವಿಎಫ್‌ಎಕ್ಸಿಗೆ ಉಳಿಯೋ ಟೈಮ್ ಅರ್ಧ ಆಗಿರತ್ತೆ, ಯಾಕಂದ್ರೆ ಲೈನಲ್ಲಿ ಕೊನೆಗೆ ನಿಂತಿರೋರು ನಾವು. ಬೇರೆ ಎಲ್ರೂ ತಡ ಮಾಡಿದ್ದು ಬಂದು ಸೇರೋದು ನಮ್ಮ ತಲೆ ಮೇಲೆ. ಕೊನೇ ಕಂತು ದುಡ್ಡು ಸಿನಿಮಾ ಓಡಿದ್ರೆ ಬರತ್ತೆ, ಓಡ್ಲಿಲ್ಲ ಅಂದ್ರೆ ಸ್ಟುಡಿಯೊ ಓನರ್ ಪ್ರೊಡ್ಯೂಸರ್ ಮನೆಗೆ ಅಲೀಬೇಕು, ಅಲ್ಲಿ ತನಕ ಹುಡುಗರ ಸಂಬಳ ನಿಂತಿರತ್ತೆ. ಸಣ್ಣ ಸ್ಟುಡಿಯೊ ಓನರ್‌ಗಳ ಬಗ್ಗೆ ನನಗೆ ಕನಿಕರನೂ ಇದೆ, ಅವರಲ್ಲಿ ಬಹಳ ಜನ ಮೊದಲು ಆರ್ಟಿಸ್ಟುಗಳೇ ಆಗಿದ್ದವರು.

2025ರ ಫೆಬ್ರವರಿಯಲ್ಲಿ ನಡೆದಿದ್ದು ನಮ್ಮ ಜಿಲ್ಲೆಯ ಎಷ್ಟೋ ಮನೆಗೆ ನೇರ ತಟ್ಟಿದ ವಿಷಯ. ಎಂಪಿಸಿ, ದಿ ಮಿಲ್ ಇವುಗಳ ಮಾಲಕ ಕಂಪನಿ ಟೆಕ್ನಿಕಲರ್ ಕುಸಿದುಬಿತ್ತು. ಮೊದಲೇ ಸಾಲ ಇತ್ತು, 2023ರಲ್ಲಿ ಹಾಲಿವುಡ್ ರೈಟರ್‌ಗಳ ಮುಷ್ಕರ ಮೇ ತಿಂಗಳಿಂದ, ನಟರದ್ದು ಜುಲೈಯಿಂದ ನವೆಂಬರ್ ತನಕ ನಡೀತಲ್ಲ, ಶೂಟಿಂಗ್ ನಿಂತ್ರೆ ಆರು ತಿಂಗಳು ವರ್ಷದ ನಂತರ ವಿಎಫ್‌ಎಕ್ಸಿಗೆ ಕೆಲಸ ಒಣಗತ್ತೆ, ಅದೂ ಸೇರ್ಕೊಳ್ತು. ಭಾರತದಲ್ಲಿ ಸುಮಾರು ಮೂರು ಸಾವಿರ ಜನ ಇದ್ರು, ಹೆಚ್ಚಿನವರು ಬೆಂಗಳೂರಲ್ಲಿ. ತಿಂಗಳ ಕೊನೆ, ಸಂಬಳ ಬರೋ ಹೊತ್ತು, ಬಾಗಿಲು ಮುಚ್ತು. ಮುಷ್ಕರ ಮಾಡಿದ ರೈಟರು, ನಟರಿಗೆ ಯೂನಿಯನ್ ಇತ್ತು, ಅವರು ಒಪ್ಪಂದ ಗೆದ್ರು, ನಾನು ಅವರನ್ನ ದೂರಲ್ಲ, ಅವರು ಮಾಡಿದ್ದು ಸರಿನೇ. ನಮಗೆ ಯೂನಿಯನ್ ಇರ್ಲಿಲ್ಲ, ನಮ್ಮ ಪರವಾಗಿ ಮಾತಾಡೋ ಯಾರೂ ಆ ಟೇಬಲ್ ಮೇಲೆ ಇರ್ಲಿಲ್ಲ.

ಹಾಲಿವುಡ್ಡಲ್ಲಿ ಕ್ಯಾಮೆರಾ, ಎಡಿಟಿಂಗ್, ಮೇಕಪ್ ಎಲ್ಲಕ್ಕೂ ಎಷ್ಟೋ ವರ್ಷದಿಂದ ಯೂನಿಯನ್ ಇದೆ. ವಿಎಫ್‌ಎಕ್ಸ್ ಮಾತ್ರ ಬಿಟ್ಟುಹೋಗಿತ್ತು, ಯಾಕಂದ್ರೆ ಕೆಲಸ ಸಿನಿಮಾ ಕಂಪನಿ ಒಳಗೆ ನಡೀದೇ ಹೊರಗಿನ ಸ್ಟುಡಿಯೊಗಳಲ್ಲಿ ನಡೀತಿತ್ತು, ಅದೂ ಬೇರೆ ಬೇರೆ ದೇಶದಲ್ಲಿ, ಒಂದು ಕಡೆ ಯೂನಿಯನ್ ಆದ್ರೆ ಕೆಲಸ ಇನ್ನೊಂದು ದೇಶಕ್ಕೆ ಹೋಗತ್ತೆ ಅನ್ನೋ ಹೆದರಿಕೆ. 2023ರ ಸೆಪ್ಟೆಂಬರಲ್ಲಿ ಮಾರ್ವೆಲ್‌ನ ಸ್ವಂತ ವಿಎಫ್‌ಎಕ್ಸ್ ಸಿಬ್ಬಂದಿ ಐಎಟಿಎಸ್‌ಇ ಅನ್ನೋ ಯೂನಿಯನ್ ಸೇರೋಕೆ ಓಟು ಹಾಕಿದ್ರು, ಒಂದೂ ವಿರೋಧದ ಓಟಿಲ್ಲ, ಮುಂದಿನ ತಿಂಗಳು ಡಿಸ್ನಿಯವರೂ ಹಾಕಿದ್ರು. ಆದ್ರೆ ಇವರೆಲ್ಲ ನೇರ ಸಿನಿಮಾ ಕಂಪನಿಯಲ್ಲೇ ಇದ್ದ ಸಣ್ಣ ಗುಂಪು. ಶಾಟ್ ಮಾಡೋ ಸಾವಿರಾರು ಜನ ವೆಂಡರ್ ಸ್ಟುಡಿಯೊಗಳಲ್ಲಿ ಇರೋದು, ದಾರಿ ಅಲ್ಲಿಗೆ ಇನ್ನೂ ದೂರ.

ಈಗ ನಮ್ಮ ರಾಜ್ಯದ ಕಾನೂನು, ಇದನ್ನ ನಿಧಾನ ಓದಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961 ಅಂತ ಇದೆ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಒಟಿ ಸೇರಿ ದಿನಕ್ಕೆ 10 ಗಂಟೆ ಮೀರೋ ಹಾಗಿಲ್ಲ, ಮೂರು ತಿಂಗಳಲ್ಲಿ ಒಟಿ 50 ಗಂಟೆ ಮೀರೋ ಹಾಗಿಲ್ಲ, ಒಟಿಗೆ ಎರಡರಷ್ಟು ಸಂಬಳ. ಮೇಲೆ ಹೇಳಿದ ನಮ್ಮ ಶಾಟಿನ ಲೆಕ್ಕ ನೆನಪಿಸ್ಕೊಳ್ಳಿ, ದಿನದ ಎಂಟು ಗಂಟೆ ಮೇಲೆ ಒಬ್ಬೊಬ್ಬರೂ ನಾಲ್ಕು ಗಂಟೆ ಹೆಚ್ಚು, ಅಂದ್ರೆ ದಿನಕ್ಕೆ 12 ಗಂಟೆ ಕೂತಿದ್ರು. ಮೊದಲ ದಿನವೇ 10 ಗಂಟೆ ಮಿತಿ ದಾಟಿ ಹೋಯ್ತು.

ಅದರ ಜೊತೆ ಇನ್ನೊಂದು ಇತ್ತು, ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ, 1946ರದ್ದು, ಕೆಲಸದ ಷರತ್ತು, ಶಿಸ್ತು ಕ್ರಮ, ತೆಗೆದುಹಾಕೋ ವಿಧಾನ ಎಲ್ಲ ಬರವಣಿಗೆಯಲ್ಲಿ ಇರ್ಬೇಕು ಅನ್ನೋದು. 2025ರ ನವೆಂಬರಲ್ಲಿ ಹೊಸ ಲೇಬರ್ ಕೋಡ್ ಬರೋ ತನಕ ಅದು ಜಾರಿಯಲ್ಲಿತ್ತು. ಕರ್ನಾಟಕ ಸರ್ಕಾರ ಐಟಿ, ಐಟಿಇಎಸ್ (ಐಟಿ ಆಧಾರಿತ ಸೇವೆ) ಕಂಪನಿಗಳಿಗೆ ಇದರಿಂದ ವಿನಾಯ್ತಿ ಕೊಡ್ತಾ ಬಂತು, 2014ರಲ್ಲಿ ಐದು ವರ್ಷ, 2019ರಲ್ಲಿ ಐದು ವರ್ಷ, 2024ರಲ್ಲಿ ಮತ್ತೆ ಐದು ವರ್ಷ. ಆ ಪಟ್ಟಿಯಲ್ಲಿ ಆನಿಮೇಶನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಕೂಡ ಇತ್ತು. ವಿಎಫ್‌ಎಕ್ಸಿಗೆ ಸೇರೋ ಹುಡುಗರಲ್ಲಿ ಇದು ಗೊತ್ತಿರೋರು ನೂರಕ್ಕೆ ಒಬ್ಬರೂ ಇಲ್ಲ. ಆದ್ರೆ ವಿನಾಯ್ತಿ ಇದ್ದಿದ್ದು ಆ ಒಂದು ಕಾಯ್ದೆಯಿಂದ, ಕೆಲಸದ ಗಂಟೆ ಮಿತಿಯಿಂದ ಅಲ್ಲ, ಒಟಿಯಿಂದ ಅಲ್ಲ. ವಿನಾಯ್ತಿ ತಗೊಂಡವರು ದೂರು ಕೇಳೋ ಸಮಿತಿ, ಲೈಂಗಿಕ ಕಿರುಕುಳ ತಡೆ ಸಮಿತಿ ಇಡ್ಲೇಬೇಕು ಅಂತಲೂ ಷರತ್ತಿತ್ತು. "ನಮಗೆ ಲೇಬರ್ ಲಾ ಅಪ್ಲೈ ಆಗಲ್ಲ" ಅಂತ ಎಚ್‌ಆರ್ ಹೇಳಿದ್ರೆ ಅದು ತಪ್ಪು. 2024ರ ಜುಲೈಯಲ್ಲಿ ಐಟಿ ವಲಯದಲ್ಲಿ ಕೆಲಸದ ಗಂಟೆ ಮಿತಿ ಏರಿಸೋ ಪ್ರಸ್ತಾಪ ಬಂದಾಗ ಕೆಐಟಿಯು ಅನ್ನೋ ಐಟಿ ನೌಕರರ ಯೂನಿಯನ್ ಬೀದಿಗಿಳಿದು ವಿರೋಧ ಮಾಡ್ತು, ಈ ಲೈನಿನವರು ಅಂಥ ಕಡೆ ಸೇರ್ಕೊಳ್ಳೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

2025ರ ನವೆಂಬರ್ 21ಕ್ಕೆ ಕೇಂದ್ರದ ನಾಲ್ಕು ಲೇಬರ್ ಕೋಡ್ ಜಾರಿಗೆ ಬಂದ್ವು. ಅದ್ರಲ್ಲಿ ನಮಗೆ ಉಪಯೋಗದ್ದು ಎರಡು, ಎಲ್ಲ ನೌಕರರಿಗೂ ಅಪಾಯಿಂಟ್‌ಮೆಂಟ್ ಲೆಟರ್ ಕಡ್ಡಾಯ, ಮತ್ತೆ ಇಷ್ಟು ಅವಧಿ ಅಂತ ನಿಗದಿ ಮಾಡಿ ತಗೊಂಡ ನೌಕರರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಇದನ್ನ ತಪ್ಪಿಸೋ ದಾರಿ ಒಂದಿದೆ, ಹುಷಾರಾಗಿರ್ಬೇಕು. ನೌಕರ ಅನ್ನದೇ ಕನ್ಸಲ್ಟೆಂಟ್ ಅಂತ ಬರೆದು, ಪಿಎಫ್ ಬದಲು ಟಿಡಿಎಸ್ ಹಿಡಿದು ದುಡ್ಡು ಕೊಡ್ತಾರೆ. ಕೈಗೆ ಸ್ವಲ್ಪ ಜಾಸ್ತಿ ಬಂದ ಹಾಗೆ ಕಾಣತ್ತೆ, ಆದ್ರೆ ರಜೆ ಇಲ್ಲ, ಪಿಎಫ್ ಇಲ್ಲ, ಒಟಿ ಇಲ್ಲ, ನಾಳೆಯಿಂದ ಬರ್ಬೇಡ ಅಂದ್ರೆ ಕೇಳೋಕೂ ಇಲ್ಲ. ದಿನಾ ಅವರು ಹೇಳಿದ ಟೈಮಿಗೆ, ಅವರ ಕುರ್ಚಿಯಲ್ಲಿ, ಅವರ ಮಷಿನಲ್ಲಿ ಕೂತು ಕೆಲಸ ಮಾಡೋನು ಕನ್ಸಲ್ಟೆಂಟ್ ಹೇಗಾಗ್ತಾನೆ.

ಆರೋಗ್ಯದ ಬಗ್ಗೆ ಚುಟುಕಾಗಿ ಹೇಳ್ಬಿಡ್ತೀನಿ. ಮಣಿಕಟ್ಟು ನೋವು, ಕುತ್ತಿಗೆ, ಸೊಂಟ, ಕಣ್ಣು ಒಣಗೋದು, ಇಪ್ಪತ್ತೈದನೇ ವಯಸ್ಸಿಗೇ ಬರೋದು ನೋಡಿದೀನಿ. ರೋಟೊದಲ್ಲಿ ಪೆನ್ನು ಟ್ಯಾಬ್ಲೆಟ್ ಮೇಲೆ ಒಂದೇ ಚಲನೆ ಇಡೀ ದಿನ. ಸಣ್ಣ ನೋವಿದ್ದಾಗಲೇ ಡಾಕ್ಟರ್ ಹತ್ರ ಹೋಗ್ಬೇಕು, ಪ್ರಾಜೆಕ್ಟ್ ಮುಗೀಲಿ ಅಂತ ಕಾಯೋದಲ್ಲ, ಒಂದು ಪ್ರಾಜೆಕ್ಟ್ ಮುಗಿದ್ರೆ ಇನ್ನೊಂದು ಶುರುವಾಗಿರತ್ತೆ.

ಎಐ ಬಗ್ಗೆ ಎಲ್ರೂ ಕೇಳ್ತಾರೆ. ಮೊದಲು ಪೆಟ್ಟು ಬೀಳ್ತಿರೋದು ಹೊಸಬರು ಹತ್ತೋ ಮೊದಲ ಮೆಟ್ಟಿಲಿಗೇ, ರೋಟೊ ಪೇಂಟಿಗೆ. ಕಾಂಪೋಸಿಟಿಂಗ್ ಸಾಫ್ಟ್‌ವೇರ್ ನ್ಯೂಕ್‌ನಲ್ಲಿ 2021ರಲ್ಲೇ ಕಾಪಿಕ್ಯಾಟ್ ಅಂತ ಬಂತು, ಕೆಲವು ಫ್ರೇಮ್ ನಾವು ಮಾಡಿ ತೋರಿಸಿದ್ರೆ ಉಳಿದದ್ದನ್ನ ಅದು ಕಲ್ತು ಮಾಡತ್ತೆ. ಕೂದಲು, ನೀರು, ಹೊಗೆ ಬಂದ್ರೆ ಈಗ್ಲೂ ಮನುಷ್ಯರು ಕೂತು ಸರಿ ಮಾಡ್ಬೇಕು. ನನ್ನ ಚಿಂತೆ ಬೇರೆ. 4 ಮ್ಯಾನ್ ಡೇ ರೋಟೊ 2ಕ್ಕೆ ಆದ್ರೆ ಉಳಿದ ಎರಡು ದಿನ ಯಾರಿಗೆ ಸೇರತ್ತೆ? ಈಗಿನ ರೇಟಿನ ಪದ್ಧತಿಯಲ್ಲಿ ಮುಂದಿನ ಬಿಡ್ಡಲ್ಲಿ ಅದು 2 ಅಂತಲೇ ಬರತ್ತೆ, ಬದಲಾವಣೆಗಳು ಮಾತ್ರ ಹಾಗೇ ಇರತ್ತೆ, ಬಿಟ್ಟಿ ಗಂಟೆಗಳೂ ಹಾಗೇ.

ಹಾಗಾಗಿ ಕೋರ್ಸಿಗೆ ಹಾಕೋರಿಗೆ ನಾನು ಹೇಳೋದು, ಫೀಸ್ ಪೂರ್ತಿ ಒಂದೇ ಸಲ ಕಟ್ಬೇಡಿ, ಪ್ಲೇಸ್‌ಮೆಂಟ್ ಗ್ಯಾರಂಟಿ ಅಂದ್ರೆ ಬರವಣಿಗೆಯಲ್ಲಿ ಕೇಳಿ, ಹೋದ ಬ್ಯಾಚಿನ ಹುಡುಗರ ಜೊತೆ ನೀವೇ ಮಾತಾಡಿ. ಅಡಿಕೆ ಮಾರಿದ ದುಡ್ಡು ಅದು, ಬ್ರೋಷರ್ ಮೇಲಿನ ಹುಲಿ ಚಿತ್ರ ನೋಡಿ ಕೊಡೋದಲ್ಲ. ಸ್ಟುಡಿಯೊ ಸೇರೋವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ತೀವಿ ಅಂದ್ರೆ ಕೊಡ್ಬೇಡಿ, ಜೆರಾಕ್ಸ್ ಕೊಡಿ. ಬಾಂಡ್ ಇದ್ರೆ ಎಷ್ಟು ತಿಂಗಳು, ಬಿಟ್ರೆ ಎಷ್ಟು ಕಟ್ಬೇಕು, ಕಂಪನಿನೇ ತೆಗೆದ್ರೆ ಏನು ಅನ್ನೋದು ಓದಿ ಸೈನ್ ಮಾಡಿ. ಡೆಮೊ ರೀಲಿಗೆ (ಬೇರೆ ಕಡೆ ಕೆಲಸ ಕೇಳೋವಾಗ ತೋರಿಸೋ ನಮ್ಮ ಶಾಟುಗಳ ವಿಡಿಯೊಗೆ) ಶಾಟ್ ಯಾವಾಗ ಕೊಡ್ತಾರೆ ಕೇಳಿ, ಸಿನಿಮಾ ರಿಲೀಸ್ ಆಗೋ ತನಕ ತೋರಿಸೋ ಹಾಗಿಲ್ಲ, ಅಷ್ಟರಲ್ಲಿ ಕಂಪನಿನೇ ಮುಚ್ಚಿಹೋದ್ರೆ ಎರಡು ವರ್ಷದ ಕೆಲಸಕ್ಕೆ ಸಾಕ್ಷಿನೇ ಇರಲ್ಲ, 2025ರಲ್ಲಿ ಎಷ್ಟೋ ಜನರಿಗೆ ಇದೇ ಆಯ್ತು. ಮತ್ತೆ ದಿನಾ ಎಷ್ಟು ಹೊತ್ತಿಗೆ ಬಂದ್ರಿ ಎಷ್ಟು ಹೊತ್ತಿಗೆ ಹೋದ್ರಿ ಅಂತ ಸ್ವಂತ ಡೈರಿಯಲ್ಲಿ ಬರ್ದಿಡಿ, ಲೇಬರ್ ಆಫೀಸಿಗೆ ಹೋಗೋ ಸಂದರ್ಭ ಬಂದ್ರೆ ಅದು ಬೇಕಾಗತ್ತೆ.

ಇದು ಒಬ್ಬೊಬ್ಬರು ಮಾಡ್ಕೊಳ್ಳೋ ಜಾಗ್ರತೆ. ಆದ್ರೆ ಮೂಲ ಸರಿಯಾಗ್ಬೇಕು ಅಂದ್ರೆ ಬದಲಾವಣೆಗೆ ಬೆಲೆ ಬರ್ಬೇಕು. ಇಷ್ಟು ವರ್ಷನ್ ತನಕ ಈ ಮೊತ್ತ, ಅದರ ಮೇಲೆ ಪ್ರತಿ ವರ್ಷನ್‌ಗೂ ಮ್ಯಾನ್ ಡೇ ರೇಟು, ಅಂತ ಎಲ್ಲ ಸ್ಟುಡಿಯೊಗಳೂ ಒಟ್ಟಾಗಿ ಹೇಳಿದ್ರೆ ಡೈರೆಕ್ಟರ್‌ಗಳು ಶೂಟಿಂಗ್ ಮೊದಲೇ ಯೋಚನೆ ಮಾಡ್ತಾರೆ. ಒಟ್ಟಾಗಿ ಹೇಳ್ತಾರೆ ಅನ್ನೋ ನಂಬಿಕೆ ನನಗೆ ಕಡಿಮೆ, ಪೈಪೋಟಿ ಅಷ್ಟಿದೆ. ಅದಕ್ಕೆ ಸರ್ಕಾರದ ಕೈ ಬೇಕು, ಮತ್ತೆ ಸರ್ಕಾರದ ಹತ್ರ ದಾರಿನೂ ಇದೆ. ಆನಿಮೇಶನ್, ವಿಎಫ್‌ಎಕ್ಸ್, ಗೇಮಿಂಗಿಗೆ ಅಂತ ಕರ್ನಾಟಕ 2012ರಲ್ಲೇ ಪಾಲಿಸಿ ಮಾಡಿತ್ತು, ಈಗ ನಡೀತಿರೋದು 2024ರಿಂದ 2029ರ ಪಾಲಿಸಿ, ಅದ್ರಲ್ಲಿ ಸ್ಟುಡಿಯೊಗಳಿಗೆ ಪ್ರೋತ್ಸಾಹಧನ ಇದೆ. ಆ ದುಡ್ಡು ಬೇಕಾದ ಸ್ಟುಡಿಯೊ ಪ್ರತಿ ಆರ್ಟಿಸ್ಟಿನ ಹಾಜರಿ ಗಂಟೆ, ಕೊಟ್ಟ ಒಟಿ, ಕನ್ಸಲ್ಟೆಂಟ್ ಎಷ್ಟು ನೌಕರರು ಎಷ್ಟು ಅನ್ನೋ ಲೆಕ್ಕ ಕೊಡ್ಬೇಕು ಅಂತ ಒಂದು ಷರತ್ತು ಹಾಕ್ಲಿ. ನಮ್ಮ ಜಿಲ್ಲೆಯ ಎಂಎಲ್‌ಎಗಳು ಕಾಲೇಜಿನ ಕಾರ್ಯಕ್ರಮಕ್ಕೆ ಬಂದು ಆನಿಮೇಶನಲ್ಲಿ ಭವಿಷ್ಯ ಇದೆ ಅಂತ ಭಾಷಣ ಮಾಡೋವಾಗ ವೇದಿಕೆ ಕೆಳಗೆ ಕೂತ ಅಪ್ಪ ಆಯಿ ಎದ್ದು ನಿಂತು ಈ ಷರತ್ತಿನ ಬಗ್ಗೆ ಕೇಳ್ಬಹುದು.